ದುಖಾನ್ ರಸ್ತೆಯಲ್ಲಿ ಪೆಟ್ರೋಲ್ ವಾಸನೆ

2017ರ ಬೇಸಿಗೆಯಲ್ಲಿ ನಾವು ದೋಹಾದ ನಜ್ಮಾದಲ್ಲಿ ಒಂದು ಸಣ್ಣ ಬಾಡಿಗೆ ಮನೆಯಲ್ಲಿದ್ದೆವು. ನಾನು, ನನ್ನ ಹೆಂಡತಿ, ಆರು ವರ್ಷದ ಮಗಳು. ನನ್ನ ಊರು ಕುಂದಾಪುರದ ಹತ್ತಿರ. ಕತಾರಿಗೆ ಬಂದು ಆಗಲೇ ಹಲವು ವರ್ಷಗಳಾಗಿದ್ದವು. ಒಂದು ಕಟ್ಟಡ ಗುತ್ತಿಗೆ ಕಂಪನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಬಾಡಿಗೆ, ಮಗಳ ಶಾಲೆಯ ಫೀಸು, ಊರಿಗೆ ಕಳಿಸುವ ಹಣ ಇಷ್ಟು ತೆಗೆದರೆ ಸಂಬಳದಲ್ಲಿ ಉಳಿಯುತ್ತಿದ್ದುದು ಸ್ವಲ್ಪ. ಹಾಗಾಗಿ ಕಾರೂ ಹಳೆಯದೇ. 1999ರ ಮಾದರಿಯ, ನಾಲ್ಕು ಸಿಲಿಂಡರಿನ ಜಪಾನಿ ಸೆಡಾನ್. ಕೆಲಸ ಮುಗಿಸಿ ಊರಿಗೆ ಮರಳುತ್ತಿದ್ದ ಒಬ್ಬರಿಂದ ಕೊಂಡಿದ್ದೆ.

ಅಲ್ಲಿ ಕಾರು ಶೋಕಿಗೆ ಇಟ್ಟುಕೊಳ್ಳುವ ವಸ್ತುವಲ್ಲ. ದೋಹಾ ಮೆಟ್ರೊ ಓಡಲು ಶುರುವಾದದ್ದು 2019ರಲ್ಲಿ. ಅದಕ್ಕೂ ಮೊದಲು ಬಸ್ಸು ಇತ್ತು, ಆದರೆ ನಿಲ್ದಾಣದವರೆಗೆ ನಡೆಯಬೇಕು, ಅಲ್ಲಿ ಕಾಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಗುವನ್ನು ಕರೆದುಕೊಂಡು ಹಾಗೆ ಕಾಯಲು ಆಗುವುದಿಲ್ಲ. ದೋಹಾದಲ್ಲಿ 2010ರ ಜುಲೈ 14ರಂದು 50.4 ಡಿಗ್ರಿ ದಾಖಲಾಗಿದೆ. ಅಷ್ಟು ಏರದ ದಿನಗಳಲ್ಲೂ ಮಧ್ಯಾಹ್ನ ಸಾಮಾನ್ಯವಾಗಿ 40 ದಾಟಿರುತ್ತದೆ. ಆಗಿನ ಕಾನೂನಿನ ಪ್ರಕಾರ ಜೂನ್ 15ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ ಹನ್ನೊಂದೂವರೆಯಿಂದ ಮಧ್ಯಾಹ್ನ ಮೂರರ ತನಕ ಕಾರ್ಮಿಕರನ್ನು ಬಯಲಿನಲ್ಲಿ ದುಡಿಸುವಂತಿರಲಿಲ್ಲ. ಆ ಬಿಸಿಲು ಎಂಥದ್ದು ಎಂದು ಗೊತ್ತಾಗಲು ಇಷ್ಟು ಹೇಳಿದೆ.

ಆ ವರ್ಷದ ಆರಂಭದಲ್ಲಿ ಅಪ್ಪನಿಗೆ ಕಾಯಿಲೆಯಾಗಿ ನಾವೆಲ್ಲ ಊರಿಗೆ ಹೋಗಿದ್ದೆವು. ಕಾರು ವಾರಗಟ್ಟಲೆ ಮನೆಯ ಹೊರಗೆ ನಿಂತಿತ್ತು. ತಿರುಗಿ ಬಂದ ಮೇಲೆ ಎಂಜಿನ್ ಸರಿಯಾಗಿ ನಡೆಯಲಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತಿತ್ತು. ಬಿಸಿಯಾದ ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಬೇಗ ಹತ್ತುತ್ತಿರಲಿಲ್ಲ. ಪೆಟ್ರೋಲ್ ಮೊದಲಿಗಿಂತ ಹೆಚ್ಚು ಖರ್ಚಾಗುತ್ತಿತ್ತು.

ಚಿಕ್ಕಂದಿನಲ್ಲಿ ನಾನು ಕಂಡದ್ದು ಕಾರ್ಬ್ಯುರೇಟರ್ ಕಾಲದ ಅಂಬಾಸಿಡರ್ ಟ್ಯಾಕ್ಸಿಗಳನ್ನು. ಕಸ ಸಿಕ್ಕಿಕೊಂಡರೆ ಡ್ರೈವರು ಜೆಟ್ ಬಿಚ್ಚಿ ಬಾಯಿಂದ ಊದಿ ಹಾಕುತ್ತಿದ್ದರು. ಈ ಕಾರಿನಲ್ಲಿ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇತ್ತು. ಇಂಜೆಕ್ಟರ್ ಹಾಗಲ್ಲ. ಅದು ಬೆರಳುದ್ದದ ಒಂದು ವಿದ್ಯುತ್ ಕವಾಟ. ಪಂಪು ಟ್ಯಾಂಕಿನಿಂದ ಪೆಟ್ರೋಲ್ ಎತ್ತಿ ಎಂಜಿನ್ ಪಕ್ಕದ ಒಂದು ಕೊಳವೆಗೆ ತುಂಬುತ್ತದೆ. ಆ ಕೊಳವೆಯನ್ನು ರೈಲ್ ಎನ್ನುತ್ತಾರೆ. ಅಲ್ಲಿನ ಒತ್ತಡ ಸುಮಾರು 3 ಬಾರ್. ಸಿಲಿಂಡರಿಗೆ ಒಂದರಂತೆ ಇಂಜೆಕ್ಟರ್ ಇರುತ್ತದೆ. ಎಂಜಿನ್ನಿನ ಕಂಪ್ಯೂಟರ್ ಆಜ್ಞೆ ಕೊಟ್ಟಾಗ ಅದು ಕೆಲವೇ ಮಿಲಿಸೆಕೆಂಡು ತೆರೆದು, ಸಣ್ಣ ಹನಿಗಳಾಗಿ ಪೆಟ್ರೋಲ್ ಸಿಂಪಡಿಸಿ, ಮುಚ್ಚಿಕೊಳ್ಳುತ್ತದೆ. ಮೇಲೆ ರೈಲಿಗೆ ಸೇರುವಲ್ಲಿ ಒಂದು, ಕೆಳಗೆ ಮ್ಯಾನಿಫೋಲ್ಡಿಗೆ ಸೇರುವಲ್ಲಿ ಒಂದು ರಬ್ಬರ್ ರಿಂಗ್ ಇರುತ್ತದೆ. ಒತ್ತಡದಲ್ಲಿರುವ ಪೆಟ್ರೋಲನ್ನು ಹೊರಗೆ ಬಿಡದೆ ತಡೆಯುವುದು ಮೇಲಿನ ರಿಂಗ್.

ಕೊಲ್ಲಿಯ ಸೆಕೆ ಇಂಜೆಕ್ಟರನ್ನೂ ರಿಂಗನ್ನೂ ಕೆಡಿಸುತ್ತದೆ. ಗಾಡಿ ನಿಲ್ಲಿಸಿದ ಮೇಲೆ ಬಾನೆಟ್ ಒಳಗಿನ ಬಿಸಿ ಇನ್ನೂ ಏರುತ್ತದೆ. ಇಂಜೆಕ್ಟರಿನ ತುದಿಯಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗಿ ಕೂರುತ್ತದೆ. ರಬ್ಬರ್ ಒಣಗುತ್ತದೆ. ರಜೆಗೆ ಊರಿಗೆ ಹೋದವರ ಕಾರುಗಳು ವಾರಗಟ್ಟಲೆ ಓಡದೆ ನಿಲ್ಲುತ್ತವೆ. ಟ್ಯಾಂಕಿನ ಪೆಟ್ರೋಲ್ ಹಳತಾಗುತ್ತದೆ.

ರಂಜಾನ್‌ಗೆ ಮುಂಚೆ, ಮೇ ತಿಂಗಳಲ್ಲಿ, ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಇಂಜೆಕ್ಟರ್ ಕ್ಲೀನ್ ಮಾಡಿಸಿದೆ. ನಮ್ಮವರು ಆ ಜಾಗವನ್ನು ಸನಾಯ ಎನ್ನುತ್ತಾರೆ. ನಾಲ್ಕನ್ನೂ ಬಿಚ್ಚಿ, ಯಂತ್ರದಲ್ಲಿಟ್ಟು ತೊಳೆದು, ಹೊಸ ರಿಂಗ್ ಹಾಕಿ ಕೊಡಬೇಕು ಎಂದು ಹೇಳಿದ್ದೆ. ಬಿಲ್ಲಿನಲ್ಲಿ ಎರಡನ್ನೂ ಬರೆದರು. ಎರಡಕ್ಕೂ ಹಣ ಕೊಟ್ಟೆ. ಎಂಜಿನ್ ನಡುಕ ಕಡಿಮೆಯಾಯಿತು.

ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹ್ರೇನ್ ಮತ್ತು ಈಜಿಪ್ಟ್ ಕತಾರ್ ಜೊತೆಗಿನ ಸಂಬಂಧ ಕಡಿದುಕೊಂಡವು. ಅಬು ಸಮ್ರಾ ಗಡಿ ಮುಚ್ಚಿತು. ಕತಾರಿಗೆ ಇರುವ ಭೂಗಡಿ ಅದೊಂದೇ. ಅಂದು ಸಂಜೆ ಅಂಗಡಿಗಳಲ್ಲಿ ಜನ ಹಾಲು, ಅಕ್ಕಿ, ಕೋಳಿ ತುಂಬಿಕೊಳ್ಳುತ್ತಿದ್ದರು. ನಾವೂ ಅಕ್ಕಿ ತಂದೆವು. ಕೆಲವು ದಿನಗಳಲ್ಲಿ ಟರ್ಕಿಯ ಹಾಲು ಬಂತು. ಹಮದ್ ಬಂದರಿನಿಂದ ಒಮಾನಿನ ಸೊಹಾರ್‌ಗೆ, ನಮ್ಮ ಮುಂದ್ರಾ ಮತ್ತು ನವಾ ಶೇವಾಗಳಿಗೆ ನೇರ ಹಡಗುಗಳು ಶುರುವಾದವು. ಊಟಕ್ಕೆ ಕೊರತೆಯಾಗಲಿಲ್ಲ. ನನ್ನ ಕಂಪನಿಗೆ ಕಷ್ಟ ಬಂತು. ಕಾಂಕ್ರೀಟಿಗೆ ಬೇಕಾದ ಗ್ಯಾಬ್ರೊ ಜಲ್ಲಿ ಯುಎಇಯಿಂದ ಬರುತ್ತಿತ್ತು. ಅದು ನಿಂತಿತು. ಸ್ಟೋರಿನ ಪಟ್ಟಿಯಲ್ಲಿ ಒಂದೊಂದೇ ಸಾಮಾನು ಖಾಲಿಯಾಯಿತು. ಸಂಬಳ ತಡವಾಯಿತು. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಹೆದರಿಕೆ ಮನೆಯೊಳಗೂ ಬಂತು. ರಾತ್ರಿ ಮಗಳು ಮಲಗಿದ ಮೇಲೆ ನಾವು ಆ ಮಾತು ಆಡುತ್ತಿದ್ದೆವು.

ಜುಲೈ ಕೊನೆಯ ಹೊತ್ತಿಗೆ ಒಂದು ಶುಕ್ರವಾರ. ದುಖಾನಿನಲ್ಲಿದ್ದ ನಮ್ಮ ಊರಿನ ಕಡೆಯವರ ಮನೆಯಲ್ಲಿ ಮಗುವಿನ ನಾಮಕರಣ. ದುಖಾನ್ ದೋಹಾದಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್. ಮಧ್ಯಾಹ್ನದ ಊಟಕ್ಕೆ ತಲುಪುವ ಹಾಗೆ ಹೊರಟೆವು. ಹೆಂಡತಿ ರೇಷ್ಮೆ ಸೀರೆ ಉಟ್ಟಿದ್ದಳು. ಮಗಳು ಹಿಂದಿನ ಸೀಟಿನಲ್ಲಿದ್ದಳು. ಡಿಕ್ಕಿಯಲ್ಲಿ ಐಸ್ ಹಾಕಿದ ನೀರಿನ ಡಬ್ಬ ಇತ್ತು. ಬೇಸಿಗೆಯಲ್ಲಿ ಆ ದಾರಿಯಲ್ಲಿ ಹೋಗುವವರೆಲ್ಲ ಅಷ್ಟು ನೀರು ಇಟ್ಟುಕೊಳ್ಳುತ್ತಾರೆ.

ಶಹಾನಿಯಾ ದಾಟಿತು. ಅದು ಒಂಟೆ ಓಟದ ಊರು. ಅದರಾಚೆ ರಸ್ತೆಯ ಎರಡೂ ಕಡೆ ಕಲ್ಲು ಮಣ್ಣಿನ ಬಯಲು. ಜುಮಾ ನಮಾಜಿನ ಸಮಯವಾದ್ದರಿಂದ ವಾಹನಗಳು ತೀರಾ ಕಡಿಮೆ ಇದ್ದವು. ಎಂಜಿನ್ ಒಮ್ಮೆ ಎಳೆಯಿತು, ಬಿಟ್ಟಿತು. ಗಾಡಿ ನಡುಗಿತು. ಅದೇ ಕ್ಷಣ ಎಸಿಯ ಗಾಳಿಯಲ್ಲಿ ಪೆಟ್ರೋಲ್ ವಾಸನೆ ಬಂತು. ಸ್ವಲ್ಪ ಅಲ್ಲ, ಮೂಗಿಗೆ ಹೊಡೆಯುವಷ್ಟು. ಬಾನೆಟಿನ ಅಂಚಿನಲ್ಲಿ ತೆಳ್ಳಗೆ ಬಿಳಿ ಆವಿ ಕಾಣಿಸಿತು.

ಗಾಡಿಯನ್ನು ಬಲಕ್ಕೆ, ರಸ್ತೆಯ ಅಂಚಿನಾಚೆಗೆ ಇಳಿಸಿ ಕೀ ತಿರುಗಿಸಿ ಆರಿಸಿದೆ. ಕೀ ಆರಿದರೆ ಪಂಪು ನಿಲ್ಲುತ್ತದೆ ಎಂದು ಗೊತ್ತಿತ್ತು. ಹಿಂದಿನ ಬಾಗಿಲು ತೆರೆದು ಮಗಳನ್ನು ಎತ್ತಿಕೊಂಡೆ. ಹೆಂಡತಿಗೆ ಓಡು ಎಂದೆ. ಅವಳು ಸೀರೆ ಎತ್ತಿ ಹಿಡಿದು ಓಡಿದಳು. ಅವರಿಬ್ಬರನ್ನೂ ದೂರ ನಿಲ್ಲಿಸಿ ಹಿಂದಕ್ಕೆ ಬಂದು ಡಿಕ್ಕಿಯಿಂದ ನೀರಿನ ಡಬ್ಬ ತೆಗೆದುಕೊಂಡೆ. ಡಿಕ್ಕಿ ತೆರೆಯುವಾಗ ಕೈ ನಡುಗುತ್ತಿತ್ತು. ಬಾನೆಟ್ ಮುಟ್ಟಲಿಲ್ಲ. ಒಳಗೆ ಬೆಂಕಿ ಇದ್ದರೆ ಬಾನೆಟ್ ತೆರೆದಾಗ ನುಗ್ಗುವ ಗಾಳಿಗೆ ಅದು ಜೋರಾಗುತ್ತದೆ ಎಂದು ಕಂಪನಿಯ ಸೇಫ್ಟಿ ತರಗತಿಯಲ್ಲಿ ಹೇಳಿದ್ದರು.

ಕಾರಿಗೆ ಬೆಂಕಿ ಹತ್ತಲಿಲ್ಲ. ಹತ್ತುತ್ತದೆ ಎಂದೇ ಕಾಯುತ್ತಿದ್ದೆವು.

ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿದೆ. ಶಹಾನಿಯಾ ದಾಟಿ ದುಖಾನ್ ಕಡೆಗೆ, ಪೆಟ್ರೋಲ್ ಸೋರುತ್ತಿದೆ, ಜೊತೆಗೆ ಮಗು ಇದೆ ಎಂದೆ. ಕಾರಿನಿಂದ ದೂರ ಇರಿ, ರಸ್ತೆಗೆ ಬರಬೇಡಿ, ಗಾಡಿ ಕಳಿಸುತ್ತೇವೆ ಎಂದರು. ಮಾತು ಸ್ಪಷ್ಟವಾಗಿತ್ತು. ಅಷ್ಟಕ್ಕೇ ನನಗೆ ಸ್ವಲ್ಪ ಧೈರ್ಯ ಬಂತು.

ಆಮೇಲೆ ಬಿಸಿಲು. ಜುಲೈಯಲ್ಲಿ ಅಲ್ಲಿ ನಡು ಹಗಲಿಗೆ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಕಂಬಗಳ ನೆರಳು ಕಂಬದ ಬುಡದಲ್ಲೇ ಇರುತ್ತದೆ. ಮರ ಇರಲಿಲ್ಲ. ಕಾರಿನ ನೆರಳಿಗೆ ಹೋಗುವಂತಿರಲಿಲ್ಲ. ಹೆಂಡತಿ ಸೆರಗು ಬಿಚ್ಚಿ ಮಗಳ ತಲೆಯ ಮೇಲೆ ಹಿಡಿದಳು. ಇನ್ನೊಂದು ತುದಿ ನಾನು ಹಿಡಿದೆ. ಮಗಳಿಗೆ ನೀರು ಕುಡಿಸಿದೆವು. ಕರ್ಚೀಫು ಒದ್ದೆ ಮಾಡಿ ಕುತ್ತಿಗೆಗೆ ಇಟ್ಟೆವು. ಅದು ಬೇಗ ಬೇಗ ಒಣಗುತ್ತಿತ್ತು. ನೆಲದ ಬಿಸಿ ಚಪ್ಪಲಿಯ ಅಟ್ಟೆ ದಾಟಿ ಕಾಲಿಗೆ ತಾಗುತ್ತಿತ್ತು. ಮಗಳನ್ನು ಕೆಳಗೆ ಬಿಡಲಿಲ್ಲ, ಸರದಿಯಲ್ಲಿ ಎತ್ತಿಕೊಂಡೆವು. ಕೆಲವು ಕಾರುಗಳು ನೂರರ ಮೇಲಿನ ವೇಗದಲ್ಲಿ ಹೋದವು. ನಾನು ಕೈ ಬೀಸಿದೆ. ಆ ವೇಗದಲ್ಲಿ ನಿಲ್ಲಿಸುವುದು ಅವರಿಗೂ ಸುಲಭವಲ್ಲ.

ಮಗಳು ಮೊದಲು ಅತ್ತಳು. ಆಮೇಲೆ ಅಳು ನಿಲ್ಲಿಸಿದಳು. ತಲೆ ನೋವು ಎಂದಳು. ವಾಂತಿ ಮಾಡಿಕೊಂಡಳು. ಮಾತನಾಡಿಸಿದರೆ ಉತ್ತರ ನಿಧಾನವಾಗಿ ಬರುತ್ತಿತ್ತು. ಹೆಂಡತಿ ಅವಳ ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಆ ಸಮಯವನ್ನು ಕುರಿತು ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಪೊಲೀಸರಿಗಿಂತ ಮೊದಲು ಒಂದು ನೀರಿನ ಟ್ಯಾಂಕರ್ ನಿಂತಿತು. ಡ್ರೈವರ್ ನೇಪಾಳದವನು. ಏನೂ ಕೇಳದೆ ಬಾಗಿಲು ತೆರೆದು, ಕೂತಿದ್ದ ಜಾಗ ಬಿಟ್ಟು ಇಳಿದ. ಕ್ಯಾಬಿನ್ನಿನಲ್ಲಿ ಎಸಿ ಇತ್ತು. ಹೆಂಡತಿ, ಮಗಳು ಹತ್ತಿ ಕೂತರು. ಅವನು ಟ್ಯಾಂಕಿನ ನಲ್ಲಿ ತಿರುಗಿಸಿ ತನ್ನ ಟವೆಲ್ ನೆನೆಸಿದ. ಮೊದಲು ಬಂದ ನೀರು ಬಿಸಿಯಾಗಿತ್ತು. ಅದನ್ನು ಹರಿಯಬಿಟ್ಟು, ಸ್ವಲ್ಪ ತಣ್ಣಗಾದ ಮೇಲೆ ನೆನೆಸಿ ಕೊಟ್ಟ. ಮಗಳ ಮೈಯನ್ನು ಅದರಲ್ಲಿ ಒರೆಸಿದೆವು. ಅವನು ನನ್ನ ಜೊತೆ ಬಿಸಿಲಲ್ಲೇ ನಿಂತ. ಹಿಂದಿಯಲ್ಲಿ, ನನಗೂ ಇಷ್ಟೇ ದೊಡ್ಡ ಮಗಳಿದ್ದಾಳೆ ಎಂದ. ನನ್ನ ಫೋನ್ ಚಾರ್ಜು ಮುಗಿಯುತ್ತಿತ್ತು. ಅವನ ನಂಬರು ಬರೆದುಕೊಳ್ಳಲು ಆಗಲಿಲ್ಲ.

ಪೊಲೀಸ್ ಗಾಡಿ ಬಂತು. ಅವರು ರಸ್ತೆಯ ಅಂಚಿಗೆ ಕೋನ್ ಇಟ್ಟರು. ಮಗಳನ್ನು ನೋಡಿ ಆಂಬುಲೆನ್ಸ್ ಕರೆಸಿದರು. ನಮ್ಮನ್ನು ದುಖಾನಿನ ಕ್ಯೂಬನ್ ಆಸ್ಪತ್ರೆಗೆ ಒಯ್ದರು. 2012ರಲ್ಲಿ ಶುರುವಾದ ಆಸ್ಪತ್ರೆ ಅದು. ಅಲ್ಲಿನ ಡಾಕ್ಟರು, ನರ್ಸುಗಳು ಕ್ಯೂಬಾದಿಂದ ಬಂದವರು. ಮಗಳಿಗೆ ಸಲೈನ್ ಹಾಕಿದರು. ಕಂಕುಳಿಗೆ, ಕುತ್ತಿಗೆಗೆ ತಣ್ಣನೆಯ ಬಟ್ಟೆ ಇಟ್ಟರು. ಒಬ್ಬ ನರ್ಸ್ ಸ್ಪ್ಯಾನಿಷಿನಲ್ಲಿ ಏನೋ ಹೇಳುತ್ತ ಅವಳ ಕೂದಲು ನೇವರಿಸುತ್ತಿದ್ದಳು. ಸೆಕೆಯಿಂದ ಬಳಲಿದ್ದಾಳೆ, ಪ್ರಾಣಕ್ಕೆ ಕುತ್ತು ಬರುವ ಹಂತ ಮುಟ್ಟಿಲ್ಲ ಎಂದು ಡಾಕ್ಟರು ಹೇಳಿದರು. ಇನ್ನೂ ಸ್ವಲ್ಪ ಹೊತ್ತು ಬಿಸಿಲಲ್ಲಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದೂ ಹೇಳಿದರು. ಸಂಜೆಗೆ ಮಗಳು ಬಿಸ್ಕತ್ತು ಕೇಳಿದಳು. ಹೆಂಡತಿ ಆಗ ಅತ್ತಳು. ನಾಮಕರಣದ ಮನೆಯವರು ಊಟ ಕಟ್ಟಿಕೊಂಡು ಆಸ್ಪತ್ರೆಗೆ ಬಂದರು. ಅವರೇ ರಾತ್ರಿ ನಮ್ಮನ್ನು ದೋಹಾಕ್ಕೆ ಬಿಟ್ಟರು.

ಕಾರನ್ನು ರಿಕವರಿ ಗಾಡಿಯಲ್ಲಿ ಸನಾಯಕ್ಕೆ ಸಾಗಿಸಿದೆ. ಮೊದಲಿನ ಗ್ಯಾರೇಜಿಗಲ್ಲ. ಮಂಜೇಶ್ವರದ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿಗೆ. ಕಾಸರಗೋಡು ಜಿಲ್ಲೆಯ ಆ ಕಡೆಯವರಿಗೆ ತುಳು, ಕನ್ನಡ, ಮಲಯಾಳ ಮೂರೂ ಬರುತ್ತವೆ. ನಮ್ಮ ಕಂಪನಿಯ ಡ್ರೈವರೊಬ್ಬರು ಅವರ ಹೆಸರು ಹೇಳಿದ್ದರು.

ಅವರು ಎಂಜಿನ್ ಪೂರ್ತಿ ತಣಿಯಲು ಬಿಟ್ಟು ಬಾನೆಟ್ ತೆರೆದರು. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದರು. ಟಾರ್ಚ್ ಹಿಡಿದು ತೋರಿಸಿದರು. ಮೂರನೇ ಸಿಲಿಂಡರಿನ ಇಂಜೆಕ್ಟರಿನ ಮೇಲ್ತುದಿಯಿಂದ ಕೆಳಗಿನವರೆಗೆ ಪೆಟ್ರೋಲ್ ಹರಿದ ಗುರುತು. ಧೂಳು ತೊಳೆದುಹೋಗಿ ಲೋಹ ಹೊಳೆಯುತ್ತಿತ್ತು. ಆ ಗುರುತು ಆಲ್ಟರ್ನೇಟರ್‌ವರೆಗೆ ಇಳಿದಿತ್ತು. ಆಲ್ಟರ್ನೇಟರ್ ತಿರುಗುವಾಗ ಒಳಗೆ ಕಿಡಿ ಹಾರಬಹುದು. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು.

ಇಂಜೆಕ್ಟರ್ ಹೊರಗೆ ತೆಗೆದು ಮೇಲಿನ ರಿಂಗನ್ನು ನನ್ನ ಅಂಗೈಗೆ ಇಟ್ಟರು. ಅದು ಹುಣಸೆಬೀಜದಷ್ಟು ಗಟ್ಟಿಯಾಗಿತ್ತು. ಬಾಗಿಸಿದರೆ ಮುರಿಯಿತು. "ನೋಡಿ ಮಾರಾಯ್ರೆ, ಇದು ಮೊನ್ನೆ ಹಾಕಿದ್ದಲ್ಲ, ಗಾಡಿ ಹುಟ್ಟಿದಾಗ ಹಾಕಿದ್ದು" ಎಂದರು. ಉಳಿದ ಮೂರೂ ಹಾಗೇ ಇದ್ದವು. ತೊಳೆದವರು ಹಳೆಯ ರಿಂಗುಗಳನ್ನೇ ತಿರುಗಿ ಕೂರಿಸಿದ್ದರು. ಒಮ್ಮೆ ಬಿಚ್ಚಿದ ಹಳೆಯ ರಿಂಗ್ ಮತ್ತೆ ಅದೇ ಜಾಗದಲ್ಲಿ ಕೂರುವುದಿಲ್ಲ. ಕೂತಂತೆ ಕಾಣುತ್ತದೆ, ಒತ್ತಡ ಮತ್ತು ಬಿಸಿ ಏರಿದಾಗ ಬಿಟ್ಟುಕೊಡುತ್ತದೆ.

ನಾನು ಬಿಲ್ಲು ಹಿಡಿದು ಹಿಂದಿನ ಗ್ಯಾರೇಜಿಗೆ ಹೋದೆ. ಕೆಲಸ ಮಾಡಿದ ಹುಡುಗ ಬಿಟ್ಟು ಹೋಗಿದ್ದಾನೆ ಎಂದರು. ಹಣ ಹಿಂದಿರುಗಿಸಲಿಲ್ಲ. ಮಗಳ ವಿಷಯ ಹೇಳಿದೆ. ಕೇಳಿಸಿಕೊಂಡರು. ಜಗಳ ಮಾಡುವ ಶಕ್ತಿ ಆಗ ನನಗಿರಲಿಲ್ಲ. ಎದ್ದು ಬಂದೆ.

ರಿಂಗ್ ಬದಲಿಸಿದರೆ ಮುಗಿಯುವ ಕೆಲಸವಾಗಿರಲಿಲ್ಲ. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ತೆಗೆದು ಸಾಲಾಗಿ ಇಟ್ಟರು. ಒಂದರ ತುದಿ ಕಪ್ಪು ಮಸಿ, ಇನ್ನೊಂದರದು ಬಿಳಿಚಿತ್ತು. ಮಸಿ ಹಿಡಿದಲ್ಲಿ ಪೆಟ್ರೋಲ್ ಹೆಚ್ಚು ಬೀಳುತ್ತಿದೆ, ಬಿಳಿಚಿದಲ್ಲಿ ಕಡಿಮೆ. ಇಂಜೆಕ್ಟರುಗಳನ್ನು ಒತ್ತಡದಲ್ಲಿಟ್ಟು ನೋಡಿದಾಗ ಮೂರನೆಯದು ಮುಚ್ಚಿದ್ದರೂ ಹನಿ ಹನಿ ಬಿಡುತ್ತಿತ್ತು. ಒಳಗಿನ ಸೂಜಿ ಸವೆದಿತ್ತು. ತೊಳೆದರೆ ಕೊಳೆ ಹೋಗುತ್ತದೆ, ಸವೆತ ಹೋಗುವುದಿಲ್ಲ. ಒಂದನ್ನೇ ಬದಲಿಸಲು ಅವರು ಒಪ್ಪಲಿಲ್ಲ. ಕಂಪ್ಯೂಟರ್ ನಾಲ್ಕಕ್ಕೂ ಒಂದೇ ಅಳತೆಯ ಸಮಯ ಕೊಡುತ್ತದೆ. ಮೂರು ಹಳತು, ಒಂದು ಹೊಸತು ಆದರೆ ಪ್ರಮಾಣ ಹೊಂದುವುದಿಲ್ಲ, ನಡುಕ ನಿಲ್ಲುವುದಿಲ್ಲ ಎಂದರು.

ಆದರೆ ಇಂಜೆಕ್ಟರ್ ಸಿಗಲಿಲ್ಲ. ಹಳೆಯ ಗಾಡಿಗಳ ಬಿಡಿಭಾಗ ಕತಾರಿಗೆ ಬರುತ್ತಿದ್ದುದು ಬಹುಪಾಲು ದುಬೈಯಿಂದ. ಜೂನ್‌ಗೆ ಮುಂಚಿನ ದಿನಗಳಲ್ಲಿ ಇವತ್ತು ಹೇಳಿದರೆ ಎರಡು ಮೂರು ದಿನದಲ್ಲಿ ಟ್ರಕ್ಕಿನಲ್ಲಿ ಬರುತ್ತಿತ್ತಂತೆ. ಈಗ ದಾರಿ ಮುಚ್ಚಿತ್ತು. ಹೊಸ ಹಡಗುಗಳಲ್ಲಿ ಮೊದಲು ಆಹಾರ, ಕಟ್ಟಡದ ಸಾಮಾನು ಬರುತ್ತಿತ್ತು. ಹದಿನೆಂಟು ವರ್ಷ ಹಳೆಯ ಕಾರಿನ ಇಂಜೆಕ್ಟರಿಗೆ ಅದರಲ್ಲಿ ಜಾಗವಿರಲಿಲ್ಲ. ಸನಾಯದ ಬೀದಿಗಳಲ್ಲಿ, ನಜ್ಮಾದ ಅಂಗಡಿಗಳಲ್ಲಿ ಕೆಲಸ ಮುಗಿದ ಮೇಲೆ ಕೇಳುತ್ತಾ ತಿರುಗಿದೆ. ಕೆಲವರು ಗುಜರಿ ಗಾಡಿಯಿಂದ ಬಿಚ್ಚಿದ್ದನ್ನು ತೋರಿಸಿದರು. ಕೆಲವರು ಹೆಸರಿಲ್ಲದ ಪೆಟ್ಟಿಗೆಯಲ್ಲಿ ಹೊಸದಾಗಿ ಕಾಣುವುದನ್ನು ತೋರಿಸಿದರು. ಮೆಕ್ಯಾನಿಕ್ ಎರಡನ್ನೂ ಬೇಡವೆಂದರು. ಬೆಂಗಳೂರಿನಲ್ಲಿದ್ದ ನನ್ನ ತಮ್ಮ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದ. ಆ ಮಾದರಿಯ ಕಾರು ಭಾರತದಲ್ಲಿ ಮಾರಾಟವಾಗಿರಲಿಲ್ಲ. ಅಲ್ಲಿಯೂ ಸಿಗಲಿಲ್ಲ.

ಆ ವಾರಗಳಲ್ಲಿ ನಾನು ಸಹೋದ್ಯೋಗಿಯ ಕಾರಿನಲ್ಲಿ ಕೆಲಸಕ್ಕೆ ಹೋದೆ. ಅವರು ಬಳಸು ದಾರಿಯಲ್ಲಿ ಬಂದು ಕರೆದೊಯ್ಯುತ್ತಿದ್ದರು. ಪೆಟ್ರೋಲಿಗೆ ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮಗಳು ಯಾವ ಕಾರಿಗೂ ಹತ್ತಲು ಒಪ್ಪುತ್ತಿರಲಿಲ್ಲ. ಪೆಟ್ರೋಲ್ ಬಂಕ್ ದಾಟುವಾಗ ಮೂಗು ಮುಚ್ಚಿಕೊಂಡು ಅಮ್ಮನ ತೋಳು ಹಿಡಿಯುತ್ತಿದ್ದಳು. ರಾತ್ರಿ ಎದ್ದು ನೀರು ಕೇಳುತ್ತಿದ್ದಳು. ನಾವು ತಲೆದಿಂಬಿನ ಪಕ್ಕ ಯಾವಾಗಲೂ ಒಂದು ಬಾಟಲಿ ಇಡುತ್ತಿದ್ದೆವು. ನನಗೂ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಕಾರು ಮಾರಿಬಿಡೋಣ ಎಂದು ಹೆಂಡತಿ ಹೇಳಿದಳು. ಆ ಸ್ಥಿತಿಯಲ್ಲಿ ಅದನ್ನು ಮಾರಿದರೆ ಗುಜರಿಯ ಬೆಲೆ. ಇನ್ನೊಂದು ಕೊಳ್ಳಲು ಹಣವಿರಲಿಲ್ಲ. ಸೆಪ್ಟೆಂಬರ್‌ಗೆ ಶಾಲೆ ತೆರೆಯುತ್ತಿತ್ತು.

ಒಮಾನ್ ಆ ದಿಗ್ಬಂಧನಕ್ಕೆ ಸೇರಿರಲಿಲ್ಲ. ಕುವೈತ್ ಕೂಡ. ದೋಹಾಕ್ಕೂ ಮಸ್ಕತ್‌ಗೂ ವಿಮಾನ ಓಡುತ್ತಿತ್ತು. ಮಸ್ಕತ್‌ನಲ್ಲಿ ಹೆಂಡತಿಯ ದೂರದ ಸಂಬಂಧಿಯೊಬ್ಬರಿದ್ದರು. ಇಂಜೆಕ್ಟರಿನ ಮೈಮೇಲೆ ಕೊರೆದ ನಂಬರಿನ ಫೋಟೊ ತೆಗೆದು ಅವರಿಗೆ ಕಳಿಸಿದೆ. ಅವರು ವಾದಿ ಕಬೀರಿನ ಅಂಗಡಿಗಳಲ್ಲಿ ಹುಡುಕಿದರು. ಒಂದು ಕಡೆ ನಾಲ್ಕೂ ಸಿಕ್ಕವು, ತಯಾರಕರ ಮುಚ್ಚಿದ ಪೆಟ್ಟಿಗೆಯಲ್ಲಿ. ಜೊತೆಗೆ ರಿಂಗುಗಳೂ ಇದ್ದವು. ಒಬ್ಬ ಪರಿಚಯದವರು ದೋಹಾಕ್ಕೆ ಬರುವಾಗ ತಮ್ಮ ಬಟ್ಟೆಯ ನಡುವೆ ಇಟ್ಟುಕೊಂಡು ತಂದರು. ಹಮದ್ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿ ನೋಡಿದರಂತೆ. ಕಾರಿನ ಬಿಡಿಭಾಗ ಎಂದು ತಿಳಿದ ಮೇಲೆ ಬಿಟ್ಟರು. ಅದರ ಬೆಲೆ ಒಂದು ತಿಂಗಳು ನಾನು ಊರಿಗೆ ಕಳಿಸುವ ಹಣಕ್ಕಿಂತ ಹೆಚ್ಚಾಗಿತ್ತು. ಆ ತಿಂಗಳು ಊರಿಗೆ ಕಳಿಸಲಿಲ್ಲ. ಅಪ್ಪನಿಗೆ ಫೋನಿನಲ್ಲಿ ಕಾರಣ ಹೇಳಲಿಲ್ಲ, ಸಂಬಳ ತಡವಾಗಿದೆ ಎಂದಷ್ಟೇ ಹೇಳಿದೆ. ಅದೂ ನಿಜವೇ ಆಗಿತ್ತು.

ಇಂಜೆಕ್ಟರ್ ಕೂರಿಸುವ ದಿನ ನಾನು ಗ್ಯಾರೇಜಿನಲ್ಲೇ ನಿಂತಿದ್ದೆ. ಆ ಕೆಲಸವನ್ನು ಕಣ್ಣಾರೆ ನೋಡಬೇಕಿತ್ತು. ಸಂಜೆಯಾಗಿತ್ತು. ಸೆಕೆ ಇಳಿದಿರಲಿಲ್ಲ, ತೇವ ಏರಿತ್ತು. ಮೆಕ್ಯಾನಿಕ್ ಮೊದಲು ಬೆಂಕಿ ಆರಿಸುವ ಸಿಲಿಂಡರ್ ತಂದು ಕೈಗೆಟಕುವಲ್ಲಿ ಇಟ್ಟರು. ಹತ್ತಿರ ಯಾರೂ ಬೀಡಿ ಸೇದಬಾರದು, ಗ್ರೈಂಡರ್ ಹಾಕಬಾರದು ಎಂದು ಹುಡುಗರಿಗೆ ಹೇಳಿದರು. ಪರೀಕ್ಷೆಗಾಗಿ ಹಿಂದೆ ರೈಲ್ ಜೋಡಿಸಿದ್ದರಿಂದ ಅದರಲ್ಲಿ ಒತ್ತಡ ಉಳಿದಿರಬಹುದು ಎಂದು ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಿರುಗಿಸಿದರು. ಉಳಿದ ಪೆಟ್ರೋಲ್ ಉರಿದು ಎಂಜಿನ್ ತಾನೇ ನಿಂತಿತು. ಆಮೇಲೆ ಬ್ಯಾಟರಿ ಕಳಚಿದರು. ರೈಲಿನ ಕೆಳಗೆ ಬಟ್ಟೆ ಹಾಸಿದರು. ವೈರಿನ ಕ್ಲಿಪ್ಪುಗಳು ವರ್ಷಗಳ ಬಿಸಿಗೆ ಪೆಡಸಾಗಿದ್ದವು. ಒತ್ತಿದರೆ ಮುರಿಯುತ್ತವೆ ಎಂದು ಒಂದೊಂದನ್ನೇ ನಿಧಾನವಾಗಿ ಬಿಡಿಸಿದರು. ಇಂಜೆಕ್ಟರ್ ಕೂರುವ ಗುಳಿಗಳ ಸುತ್ತ ಮರಳು ಇತ್ತು. ತೆಗೆಯುವ ಮುಂಚೆಯೇ ಗಾಳಿ ಹೊಡೆದು, ಒರೆಸಿ, ಗುಳಿ ತೆರೆದ ಕೂಡಲೇ ಶುದ್ಧ ಬಟ್ಟೆ ತುರುಕಿದರು. ಒಳಗೆ ಬಿದ್ದ ಮರಳು ಎಂಜಿನ್ನಿಗೇ ಹೋಗುತ್ತದೆ.

ಹೊಸ ಇಂಜೆಕ್ಟರುಗಳನ್ನು ಮೀಟರಿನಲ್ಲಿ ಅಳೆದರು. ನಾಲ್ಕೂ 12ರಿಂದ 16 ಓಮ್ ನಡುವೆ, ಒಂದಕ್ಕೊಂದು ಹತ್ತಿರ ಇದ್ದವು. ಆ ಬಗೆಯ ಇಂಜೆಕ್ಟರಿಗೆ ಅದು ಸರಿಯಾದ ಅಳತೆ. ಹೊಸ ರಿಂಗುಗಳಿಗೆ ಶುದ್ಧ ಎಂಜಿನ್ ಆಯಿಲ್ ಸವರಿದರು. ಒಣ ರಿಂಗ್ ಕೂರಿಸಿದರೆ ಮಡಚಿ ಹರಿಯುತ್ತದೆ. ಪ್ರತಿಯೊಂದನ್ನೂ ತಿರುಗಿಸುತ್ತಾ ಒಳಗೆ ಒತ್ತಿದರು. ಕೂತ ಮೇಲೆ ಬೆರಳಲ್ಲಿ ತಿರುಗಿಸಿ ನೋಡಿದರು. ಸಲೀಸಾಗಿ ತಿರುಗಿದರೆ ರಿಂಗ್ ಸರಿಯಾಗಿ ಕೂತಿದೆ ಎಂದರ್ಥ. ಒಂದು ತಿರುಗಲಿಲ್ಲ. ಅದನ್ನು ಹೊರಗೆ ತೆಗೆದು, ರಿಂಗ್ ಬಿಸಾಡಿ, ಬೇರೆ ಹೊಸದನ್ನು ಹಾಕಿದರು. ಪೆಟ್ರೋಲ್ ಫಿಲ್ಟರನ್ನೂ ಬದಲಿಸಿದರು.

ಬ್ಯಾಟರಿ ಜೋಡಿಸಿ, ಕೀಯನ್ನು ಸ್ಟಾರ್ಟ್‌ವರೆಗೆ ಒಯ್ಯದೆ ಆನ್ ಮಾತ್ರ ಮಾಡಿದರು. ಪಂಪು ಒಂದೆರಡು ಸೆಕೆಂಡು ಸದ್ದು ಮಾಡಿ ರೈಲ್ ತುಂಬಿ ನಿಂತಿತು. ಹೀಗೆ ಕೆಲವು ಸಲ ಮಾಡಿ, ಟಾರ್ಚ್ ಹಿಡಿದು ನಾಲ್ಕೂ ಕಡೆ ನೋಡಿದರು. ಟಿಶ್ಯೂ ಕಾಗದ ಸುತ್ತಿ ಒತ್ತಿ ನೋಡಿದರು. ಒಣಗಿತ್ತು. ನನಗೂ ಒತ್ತಿ ನೋಡಲು ಹೇಳಿದರು. ನೋಡಿದೆ. ಆಮೇಲೆ ಸ್ಟಾರ್ಟ್ ಮಾಡಿದರು. ಎಂಜಿನ್ ಮೊದಲ ಸಲಕ್ಕೇ ಹತ್ತಿತು. ನಡುಕ ಇರಲಿಲ್ಲ. ಬಿಸಿಯಾಗಲು ಬಿಟ್ಟು, ಆರಿಸಿ, ಕಾದು, ಮತ್ತೆ ಸ್ಟಾರ್ಟ್ ಮಾಡಿದರು. ಮತ್ತೆ ಟಿಶ್ಯೂ ಒತ್ತಿದರು. ಒಣಗಿತ್ತು.

ಕೆಲಸಕ್ಕೆ ಅವರು ಕೇಳಿದ ಹಣ ಕಡಿಮೆ. ಹೆಚ್ಚು ಕೊಡಲು ಹೋದೆ. ಮಗಳಿಗೆ ಏನಾದರೂ ತೆಗೆದುಕೊಂಡು ಹೋಗಿ ಎಂದರು. ಆ ಮನುಷ್ಯ ನಾಲ್ಕು ಜನರ ಜೊತೆ ಒಂದು ಕೋಣೆಯಲ್ಲಿದ್ದರು. ಅವರ ಹೆಂಡತಿ ಮಕ್ಕಳು ಮಂಜೇಶ್ವರದಲ್ಲಿದ್ದರು. ಸನಾಯದ ಬೀದಿಗಳಲ್ಲಿ ಇಂಥವರು ಬಹಳ ಜನ ಇದ್ದಾರೆ. ಕತಾರಿನ ಹಳೆಯ ಕಾರುಗಳಲ್ಲಿ ಓಡಾಡುವ ಕುಟುಂಬಗಳ ಜೀವ ಅವರ ಕೈಯಲ್ಲಿದೆ ಎಂದು ನಾನು ಅಂದು ತಿಳಿದುಕೊಂಡೆ.

ಇಸ್ತಿಮಾರಾ ಎಂದರೆ ವಾಹನ ನೋಂದಣಿ ಪತ್ರದ ನವೀಕರಣಕ್ಕೆ ಕಾರನ್ನು ಫಾಹೆಸ್ ಎಂಬ ವಾಹನ ತಪಾಸಣಾ ಕೇಂದ್ರಕ್ಕೆ ಒಯ್ದೆ. ಪಾಸಾಯಿತು. ಮಗಳು ಕಾರು ಹತ್ತಲು ಇನ್ನೂ ಸ್ವಲ್ಪ ಕಾಲ ಬೇಕಾಯಿತು. ಮೊದಲು ನಿಂತ ಕಾರಿನಲ್ಲಿ ಬಾಗಿಲು ತೆರೆದಿಟ್ಟು ಕೂರಿಸಿದೆವು. ಆಮೇಲೆ ಬೀದಿಯ ಕೊನೆಯವರೆಗೆ. ಆಮೇಲೆ ಶಾಲೆಗೆ. ನಾವು ಅವಸರ ಮಾಡಲಿಲ್ಲ. ದುಖಾನ್ ರಸ್ತೆಗೆ ಆ ವರ್ಷ ಮತ್ತೆ ಹೋಗಲಿಲ್ಲ. ಟ್ಯಾಂಕರ್ ಡ್ರೈವರನ್ನು ಹುಡುಕಲು ಪ್ರಯತ್ನಿಸಿದೆ. ಸಿಗಲಿಲ್ಲ. ಅವನಿಗೆ ಹೇಳಬೇಕಾದ ಮಾತು ಹಾಗೇ ಉಳಿದಿದೆ.

ಗಡಿ ತೆರೆದದ್ದು 2021ರ ಜನವರಿಯಲ್ಲಿ, ದಿಗ್ಬಂಧನ ಕೊನೆಗೊಳಿಸಿದ ಅಲ್ ಉಲಾ ಒಪ್ಪಂದದ ನಂತರ. ಅಷ್ಟರವರೆಗೆ ಆ ಕಾರು ನಮ್ಮ ಜೊತೆಗಿತ್ತು. ಊರಿಗೆ ಹೋಗುವಾಗ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಓಡಿಸಲು ನೆರೆಯವರ ಬಳಿ ಕೀ ಕೊಡುತ್ತಿದ್ದೆ. ಬೇಸಿಗೆ ಶುರುವಾಗುವ ಮುಂಚೆ ರೈಲಿನ ಸುತ್ತ ಟಿಶ್ಯೂ ಒತ್ತಿ ನೋಡುತ್ತಿದ್ದೆ. ಸೀಟಿನ ಪಕ್ಕ ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಇಟ್ಟೆ. ನೀರನ್ನು ಡಿಕ್ಕಿಯಿಂದ ತೆಗೆದು ಹಿಂದಿನ ಸೀಟಿನ ಬುಡಕ್ಕೆ ತಂದೆ, ಜೊತೆಗೆ ಒಂದು ಕಪ್ಪು ಕೊಡೆಯನ್ನೂ ಇಟ್ಟೆ.

ಈಗಲೂ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರು ಹಳೆಯ ಕಾರು ಕೊಳ್ಳುವಾಗ ನನ್ನನ್ನು ಕೇಳುತ್ತಾರೆ. ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಅವರ ಸಂಬಳ ನನಗೆ ಗೊತ್ತಿದೆ. ನಾನು ಹೇಳುವುದು ಇಷ್ಟು. ಓಡುವ ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಮುಂದಿನ ಬಂಕ್‌ವರೆಗೆ ಹೋಗೋಣ ಎನ್ನಬೇಡಿ. ಅಲ್ಲೇ ಬದಿಗೆ ಇಳಿಸಿ, ಕೀ ಆರಿಸಿ, ಮಕ್ಕಳನ್ನು ಮೊದಲು ಹೊರಗೆ ತೆಗೆಯಿರಿ, ಬಾನೆಟ್ ತೆರೆಯಬೇಡಿ. ಇಂಜೆಕ್ಟರ್ ತೊಳೆಸಿದರೂ ಬದಲಿಸಿದರೂ ರಿಂಗ್ ಹೊಸದೇ ಇರಬೇಕು. ಬಿಲ್ಲಿನಲ್ಲಿ ಬರೆದದ್ದು ಸಾಲದು. ಬಿಚ್ಚಿದ ಹಳೆಯ ರಿಂಗುಗಳನ್ನು ಕೈಗೆ ಕೊಡಿ ಎಂದು ಕೇಳಿ, ಎಣಿಸಿ ತೆಗೆದುಕೊಳ್ಳಿ. ಕೊಡದಿದ್ದರೆ ಆ ಕಾರಿನಲ್ಲಿ ಮನೆಯವರನ್ನು ಕೂರಿಸಬೇಡಿ.